ಆರನೇ ಒಂದು ವ್ಯಾಟ್‌ಗಾಗಿ ಅರವತ್ತು ವ್ಯಾಟ್‌ನ ಆಂಪ್ಲಿಫೈಯರ್

ಪ್ರಶ್ನೆ: ನಿವೃತ್ತನಾಗಿ ಧಾರವಾಡದಲ್ಲಿ ನೆಲೆಸಿದ್ದೇನೆ. ನಮ್ಮ ಹಾಲ್ 18 ಅಡಿ ಉದ್ದ, 14 ಅಡಿ ಅಗಲ. ಇಪ್ಪತ್ತು ವರ್ಷದ ಹಿಂದೆ ಕೊಂಡ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್‌ಗಳಿವೆ; ಹಿಂಬದಿಯಲ್ಲಿ 86 ಡೆಸಿಬೆಲ್, 6 ಓಮ್ ಎಂದು ಬರೆದಿದೆ. ಹಳೆಯ ಆಂಪ್ಲಿಫೈಯರ್ ಕೆಟ್ಟಿದೆ. ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ, ಒಮ್ಮೊಮ್ಮೆ ವೀಣೆ, ಭಾವಗೀತೆ. ರಿಮೋಟಿನಲ್ಲಿ ನಲವತ್ತು ಗುಂಡಿಗಳಿರುವ ಪೆಟ್ಟಿಗೆ ಬೇಡ. ಸರಳವಾಗಿರಬೇಕು, ಶಕ್ತಿ ಮಾತ್ರ ಕಡಿಮೆಯಿರಬಾರದು. ಅಂಗಡಿಯವರು 1000 ವ್ಯಾಟ್‌ನ ಹೋಂ ಥಿಯೇಟರ್ ತೋರಿಸುತ್ತಾರೆ. ಅಮೆರಿಕದಲ್ಲಿರುವ ಮಗ ಅಲ್ಲಿಂದಲೇ ಒಂದನ್ನು ತರುತ್ತೇನೆ ಎನ್ನುತ್ತಾನೆ. ಭಾವಮೈದುನರು ಸಭೆ-ಸಮಾರಂಭಕ್ಕೆ ಬಳಸುವ ಆಂಪ್ಲಿಫೈಯರ್ ಗಟ್ಟಿ, ಅದನ್ನೇ ಹಾಕಿ ಎನ್ನುತ್ತಾರೆ. ಎಷ್ಟು ವ್ಯಾಟ್ ಬೇಕು? ಯಾವುದನ್ನು ಕೊಳ್ಳಲಿ?

ಉತ್ತರ: ಆಂಪ್ಲಿಫೈಯರ್ ಮಾತಿಗೆ ಮುಂಚೆ ಸ್ಪೀಕರ್‌ನ ಮುಂದಿನ ಬಟ್ಟೆಯ ಪರದೆಯನ್ನು ತೆಗೆದು ನೋಡಿ. ಕೋನ್‌ನ ಸುತ್ತ ಇರುವ ಮೆತ್ತನೆಯ ಅಂಚು ರಬ್ಬರಿನದೋ, ಫೋಮಿನದೋ? ಫೋಮ್ ಆಗಿದ್ದರೆ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಇಪ್ಪತ್ತು ವರ್ಷದ ಫೋಮ್ ನಮ್ಮ ಹವೆಯಲ್ಲಿ ಹಳೆಯ ರಸ್ಕಿನಂತೆ ಉದುರುತ್ತದೆ, ಇಲ್ಲವೇ ಅಂಟಂಟಾಗಿ ಬೆರಳಿಗೆ ಹತ್ತುತ್ತದೆ. ಹಾಗಾಗಿದ್ದರೆ ಮೊದಲ ಖರ್ಚು ಆ ಅಂಚಿನ ರಿಪೇರಿಗೆ. ಹರಿದ ಸ್ಪೀಕರ್‌ಗೆ ಹೊಸ ಆಂಪ್ಲಿಫೈಯರ್ ಜೋಡಿಸಿ, "ತಬಲಾದ ಬಾಯಾ ಯಾಕೋ ಗೊಗ್ಗರು ಗೊಗ್ಗರಾಗಿ ಕೇಳುತ್ತದೆ" ಎಂದು ನನ್ನ ಬಳಿ ಬಂದವರು ಒಬ್ಬಿಬ್ಬರಲ್ಲ. ರಬ್ಬರ್ ಆಗಿದ್ದು, ಬಿರುಕು ಬಿಟ್ಟಿಲ್ಲವಾದರೆ ಲೆಕ್ಕಕ್ಕೆ ಕೂರೋಣ.

86 ಡೆಸಿಬೆಲ್ ಎಂದರೆ ಆ ಸ್ಪೀಕರ್‌ಗೆ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಸಿಗುವ ಸದ್ದು. ನೀವು ಕೂರುವ ಕುರ್ಚಿ ಸುಮಾರು ಮೂರು ಮೀಟರ್ ದೂರದಲ್ಲಿರುತ್ತದೆ ಎಂದಿಟ್ಟುಕೊಳ್ಳಿ. ಬಯಲಿನಲ್ಲಾಗಿದ್ದರೆ ದೂರ ದುಪ್ಪಟ್ಟಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತಿತ್ತು. ಮನೆಯೊಳಗೆ ಗೋಡೆಗಳು ಒಂದಿಷ್ಟನ್ನು ಹಿಂದಿರುಗಿಸುವುದರಿಂದ ಅಷ್ಟು ಇಳಿಯುವುದಿಲ್ಲ. ಮೂರು ಮೀಟರ್‌ಗೆ ಒಟ್ಟು ಆರೇಳು ಡೆಸಿಬೆಲ್ ಹೋಯಿತೆನ್ನೋಣ. ಎರಡು ಸ್ಪೀಕರ್ ಇರುವುದರಿಂದ ಮೂರು ಡೆಸಿಬೆಲ್ ಮರಳಿ ಬರುತ್ತದೆ. ಅಲ್ಲಿಗೆ ಒಂದೊಂದು ಸ್ಪೀಕರ್‌ಗೆ ಒಂದೊಂದೇ ವ್ಯಾಟ್ ಕೊಟ್ಟರೂ ನಿಮ್ಮ ಕುರ್ಚಿಯಲ್ಲಿ 82-83 ಡೆಸಿಬೆಲ್ ಸಿಗುತ್ತದೆ. ಅದು ಪಕ್ಕದಲ್ಲಿ ಕುಳಿತವರೊಡನೆ ದನಿ ಏರಿಸಿ ಮಾತನಾಡಬೇಕಾದಷ್ಟು ಜೋರು. ಬೆಳಗಿನ ಕಾಫಿಯ ಜೊತೆ ಒಂದು ಲಲತ್ ಅಥವಾ ತೋಡಿ ಕೇಳುವಾಗ ನೀವು ಇಡುವುದು ಸರಾಸರಿ 75 ಡೆಸಿಬೆಲ್. ಅದಕ್ಕೆ ಬೇಕಾಗುವುದು ಒಂದು ಸ್ಪೀಕರ್‌ಗೆ ಆರನೇ ಒಂದು ವ್ಯಾಟ್.

ಹೌದು, ಸೊನ್ನೆ ಬಿಂದು ಒಂದು ಆರು. ನೆಲ್ಸನ್ ಪಾಸ್ ಎಂಬ ಅಮೆರಿಕದ ಹೆಸರಾಂತ ವಿನ್ಯಾಸಕಾರ ತನ್ನ ಒಂದು ಸಂಸ್ಥೆಗೆ 'ಫಸ್ಟ್ ವ್ಯಾಟ್' ಎಂದೇ ಹೆಸರಿಟ್ಟಿದ್ದಾನೆ. ನಾವು ಕೇಳುವ ಸಂಗೀತದ ಬಹುಪಾಲು ಆ ಮೊದಲ ವ್ಯಾಟ್‌ನೊಳಗೇ ನಡೆದುಹೋಗುತ್ತದೆ.

ಹಾಗಾದರೆ ಶಕ್ತಿ ಯಾಕೆ ಬೇಕು? 75 ಡೆಸಿಬೆಲ್ ಎನ್ನುವುದು ಸರಾಸರಿ, ಅದಕ್ಕೆ. ಹೆಚ್ಚು ಒತ್ತಿ ಚಪ್ಪಟೆ ಮಾಡದ ಒಳ್ಳೆಯ ಧ್ವನಿಮುದ್ರಣದಲ್ಲಿ ಕ್ಷಣಿಕ ಏರುಗಳು ಸರಾಸರಿಗಿಂತ 15-20 ಡೆಸಿಬೆಲ್ ಮೇಲೆ ಹೋಗುತ್ತವೆ. ಬಾಯಾದ ಮೇಲೆ ಅಂಗೈ ಬಿದ್ದ ಆ ಕ್ಷಣ, ವೀಣೆಯ ತಂತಿಯನ್ನು ಮೀಟಿದ ಮೊದಲ ಕಿಡಿ, ಗಾಯಕ ಹಠಾತ್ತನೆ ತಾರ ಷಡ್ಜಕ್ಕೆ ನೆಗೆದ ಘಳಿಗೆ. ಇಪ್ಪತ್ತು ಡೆಸಿಬೆಲ್ ಎಂದರೆ ನೂರು ಪಟ್ಟು ವಿದ್ಯುತ್. ಆರನೇ ಒಂದು ವ್ಯಾಟ್ ಆ ಕ್ಷಣಕ್ಕೆ ಹದಿನಾರು ವ್ಯಾಟ್ ಆಗಬೇಕು. ಹಬ್ಬದ ದಿನ ನಾಲ್ಕು ಜನ ಸೇರಿದಾಗ ಐದು ಡೆಸಿಬೆಲ್ ಏರಿಸಿದಿರೋ, ಹದಿನಾರು ಹೋಗಿ ಐವತ್ತಾಯಿತು. ನಿಮಗೆ 50ರಿಂದ 80 ವ್ಯಾಟ್‌ನ ಆಂಪ್ಲಿಫೈಯರ್ ಬೇಕು ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆಯೇ ಹೊರತು ಅಂದಾಜಿನ ಮೇಲಲ್ಲ.

ಅಲ್ಲಿಂದ ಮುಂದೆ ದುಡ್ಡು ಸುರಿದರೆ ಸಿಗುವುದು ಬಹಳ ಕಡಿಮೆ. 60 ವ್ಯಾಟ್ ಬಿಟ್ಟು 120 ವ್ಯಾಟ್‌ನದನ್ನು ಕೊಂಡರೆ ಹೆಚ್ಚುವುದು ಮೂರೇ ಡೆಸಿಬೆಲ್. "ಸ್ವಲ್ಪ ಜೋರಾಯಿತು" ಎನ್ನುವಷ್ಟು. ಕಿವಿಗೆ ದುಪ್ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಆಂಪ್ಲಿಫೈಯರ್‌ನ ಮೀಸಲು ಮುಗಿದಾಗ ಏನಾಗುತ್ತದೆ ಎಂಬುದನ್ನು ಗುರುತಿಸಲು ಕಲಿತಿದ್ದರೆ ಒಳ್ಳೆಯದು. ಅದು ಕೊಡಬಲ್ಲ ವೋಲ್ಟೇಜ್‌ಗೆ ಒಂದು ಮಿತಿ ಇದೆ. ಅಲೆ ಅದಕ್ಕಿಂತ ಎತ್ತರ ಹೋಗಬೇಕೆಂದರೆ ಅದರ ನೆತ್ತಿ ಕತ್ತರಿಸಿ ಹೋಗುತ್ತದೆ. ಇದನ್ನೇ ಕ್ಲಿಪ್ಪಿಂಗ್ ಎನ್ನುತ್ತೇವೆ. ತಾರ ಸಪ್ತಕದಲ್ಲಿ ದನಿ ತಗಡಿನಂತೆ ಚುಚ್ಚುತ್ತದೆ, ತಬಲಾದ ಪೆಟ್ಟಿನ ಮೊನೆ ಮೊಂಡಾಗುತ್ತದೆ, ತಂಬೂರಿಯ ಝೇಂಕಾರ ಗಾಯಕನ ದನಿಯಲ್ಲಿ ಕಲಸಿಹೋಗುತ್ತದೆ. ಕೇಳುವವರು ಧ್ವನಿಮುದ್ರಣ ಸರಿಯಿಲ್ಲ ಎನ್ನುತ್ತಾರೆ. ಆ ಸ್ಥಿತಿಯಲ್ಲಿ ಗಂಟೆಗಟ್ಟಲೆ ನುಡಿಸಿದರೆ ಮೊದಲು ಸುಡುವುದು ಟ್ವೀಟರ್, ಎಂದರೆ ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಸ್ಪೀಕರ್. ಸಣ್ಣ ಆಂಪ್ಲಿಫೈಯರ್ ಸ್ಪೀಕರ್‌ಗೆ ಸುರಕ್ಷಿತ ಎಂಬ ನಂಬಿಕೆ ಅರ್ಧಸತ್ಯ. ಅದನ್ನು ಮಿತಿ ಮೀರಿ ತಿರುಗಿಸದಿದ್ದರೆ ಮಾತ್ರ ಸುರಕ್ಷಿತ.

ಈಗ ಅಂಗಡಿಯವರ 1000 ವ್ಯಾಟ್. ತೊಂಬತ್ತರ ದಶಕದಲ್ಲಿ ಕ್ಯಾಸೆಟ್ ಪ್ಲೇಯರ್‌ಗಳ ಮೈಮೇಲೆ 'ಪಿಎಂಪಿಒ' ಎಂಬ ಮಿರುಗುವ ಸ್ಟಿಕ್ಕರ್ ಇರುತ್ತಿದ್ದುದು ನಿಮಗೆ ನೆನಪಿರಬಹುದು. ಅದಕ್ಕೆ ಒಪ್ಪಿತ ಅಳತೆಯೇ ಇರಲಿಲ್ಲ. ತಯಾರಕರ ಧೈರ್ಯ ಎಷ್ಟೋ ಅಷ್ಟು ವ್ಯಾಟ್. ಇಂಥ ಹುಸಿ ಅಂಕಿಗಳ ಹಾವಳಿ ತಡೆಯಲೆಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಮನೆಬಳಕೆಯ ಆಂಪ್ಲಿಫೈಯರ್‌ಗಳ ವ್ಯಾಟ್ ಜಾಹೀರಾತಿಗೆ ನಿಯಮ ಮಾಡಬೇಕಾಯಿತು. ಸ್ಟಿಕ್ಕರ್ ಹೋದರೂ ಆ ಗುಣ ಹೋಗಿಲ್ಲ. ಆ 1000 ವ್ಯಾಟ್‌ನ ಪೆಟ್ಟಿಗೆಯ ಬೆನ್ನು ತಿರುಗಿಸಿ, ಅದು ಗೋಡೆಯ ಪ್ಲಗ್‌ನಿಂದ ಎಷ್ಟು ವಿದ್ಯುತ್ ಎಳೆಯುತ್ತದೆ ಎಂದು ಬರೆದಿರುವುದನ್ನು ಓದಿ. ಅಲ್ಲಿ 100 ಅಥವಾ 150 ವ್ಯಾಟ್ ಎಂದಿದ್ದರೆ ನಗಬೇಡಿ, ಅಂಗಡಿಯವರಿಗೆ ತೋರಿಸಿ. ಎರಡು ಲೀಟರ್ ಹಾಲು ಕೊಂಡು ಹತ್ತು ಲೀಟರ್ ಮೊಸರು ಮಾಡಿದವರನ್ನು ನಾನಂತೂ ನೋಡಿಲ್ಲ.

ಇದೇ ಪರೀಕ್ಷೆಯನ್ನು ಅಂಗೈಯಗಲದ ಹೊಸ ಡಿಜಿಟಲ್ ಎನ್ನಿಸಿಕೊಳ್ಳುವ ಕ್ಲಾಸ್ ಡಿ ಆಂಪ್ಲಿಫೈಯರ್‌ಗಳಿಗೂ ಹಾಕಿ. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಪಿಎ3255 ಎಂಬ ಚಿಪ್. ಅದರ ವಿವರಪಟ್ಟಿಯಲ್ಲಿ ಚಾನೆಲ್‌ಗೆ 315 ವ್ಯಾಟ್ ಎಂದಿರುವುದು ನಿಜ, ಆದರೆ 4 ಓಮ್‌ಗೆ, ಶೇಕಡಾ 10ರಷ್ಟು ವಿರೂಪದೊಂದಿಗೆ. ಅಷ್ಟು ವಿರೂಪವಿದ್ದರೆ ರಾಗದ ಗುರುತು ಸಿಗಬಹುದು, ಗಾಯಕನ ಗುರುತು ಸಿಗುವುದು ಕಷ್ಟ. ಜೊತೆಗೆ ಬರುವ ಅಡಾಪ್ಟರ್ 48 ವೋಲ್ಟ್, 5 ಆಂಪಿಯರ್‌ನದಾದರೆ ಒಟ್ಟು 240 ವ್ಯಾಟ್, ಅದೂ ಎರಡೂ ಚಾನೆಲ್ ಸೇರಿ. 315ರಂತೆ ಎರಡು ಚಾನೆಲ್‌ಗೆ 630 ಎಲ್ಲಿಂದ ಬರುತ್ತದೆ? ಹಾಗೆಂದು ಇವು ಕೆಟ್ಟವೆಂದು ತಿಳಿಯಬೇಡಿ. ಒಳಬಂದ ವಿದ್ಯುತ್ತಿನ ಶೇಕಡಾ 90ರ ಆಸುಪಾಸಿನಷ್ಟನ್ನು ಸ್ಪೀಕರ್‌ಗೆ ದಾಟಿಸುತ್ತವೆ, ಬಿಸಿಯಾಗುವುದಿಲ್ಲ, ನಿಮ್ಮ ಹಾಲ್‌ಗೆ ಸಾಕಾಗಿ ಉಳಿಯುವಷ್ಟು ಶಕ್ತಿ ನಿಜವಾಗಿಯೂ ಇದೆ. ನನ್ನ ಅಳುಕು ರಿಪೇರಿಯದು. ಕೆಟ್ಟರೆ ಚಿಪ್ ಬದಲಿಸುವವರು ಸುಲಭಕ್ಕೆ ಸಿಗುವುದಿಲ್ಲ, ಇಡೀ ಪೆಟ್ಟಿಗೆಯನ್ನೇ ಎಸೆಯಬೇಕಾಗುತ್ತದೆ.

ವಿವರಪಟ್ಟಿಯಲ್ಲಿ ಹುಡುಕಬೇಕಾದ ವಾಕ್ಯ ಹೀಗಿರಬೇಕು: ಇಷ್ಟು ವ್ಯಾಟ್, 8 ಓಮ್‌ಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎರಡೂ ಚಾನೆಲ್ ಏಕಕಾಲಕ್ಕೆ ನಡೆಯುವಾಗ, ವಿರೂಪ ಇಷ್ಟು. ಯಮಹಾದ ಎ-ಎಸ್501ರ ಪಟ್ಟಿಯಲ್ಲಿ 85 ವ್ಯಾಟ್, 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ವಿರೂಪ ಶೇಕಡಾ 0.019 ಎಂದಿದೆ. ಇದು ಮರ್ಯಾದಸ್ಥರ ಮಾತು. "1 ಕಿಲೋಹರ್ಟ್ಸ್, ಶೇಕಡಾ 10, ಒಂದು ಚಾನೆಲ್" ಎಂದು ಸಣ್ಣ ಅಕ್ಷರದಲ್ಲಿ ಕಂಡರೆ ದೊಡ್ಡ ಅಕ್ಷರದ ಅಂಕಿಯನ್ನು ಅರ್ಧಕ್ಕೆ ಇಳಿಸಿಕೊಳ್ಳಿ.

ಅದಾದ ಮೇಲೆ ನಾನು ನೋಡುವುದು 4 ಓಮ್‌ನ ಅಂಕಿ. ನನ್ನ ಮಟ್ಟಿಗೆ ಆಂಪ್ಲಿಫೈಯರ್‌ನ ಜಾತಕ ಇರುವುದು ಅಲ್ಲಿ. ಓಮ್ ಎಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ; ನಿಮ್ಮ ಸ್ಪೀಕರ್‌ನ ಮೇಲೆ ಬರೆದ 6 ಓಮ್ ಒಂದು ಬಗೆಯ ಹೆಸರಷ್ಟೇ. ಸ್ವರ ಬದಲಾದಂತೆ ಅದು ಒಂದೆಡೆ 20 ಓಮ್‌ಗೆ ಏರಿ, ಇನ್ನೊಂದೆಡೆ 4ರ ಹತ್ತಿರ ಇಳಿಯುವುದುಂಟು. 8 ಓಮ್‌ಗೆ 60 ವ್ಯಾಟ್ ಕೊಡಲು ಸುಮಾರು 22 ವೋಲ್ಟ್ ಬೇಕು. ಅದೇ 22 ವೋಲ್ಟ್ 4 ಓಮ್ ಎದುರಾದಾಗಲೂ ಕುಸಿಯದೆ ನಿಂತರೆ 120 ವ್ಯಾಟ್ ಹೊರಬರಬೇಕು. ಪೂರ್ತಿ ದುಪ್ಪಟ್ಟಾಗುವ ಆಂಪ್ಲಿಫೈಯರ್‌ಗಳು ದುಬಾರಿ. ಆದರೆ 60 ಇದ್ದದ್ದು 90-100ಕ್ಕೆ ಏರಿದರೂ ಒಳಗಿನ ವಿದ್ಯುತ್ ಪೂರೈಕೆ ಗಟ್ಟಿಯಿದೆ ಎಂದರ್ಥ. ಮಾಳಿಗೆಯ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ: ಬಚ್ಚಲಿನಲ್ಲಿ ಒಂದು ನಲ್ಲಿ ತೆರೆದಾಗ ಎಲ್ಲರ ಮನೆಯಲ್ಲೂ ನೀರು ರಭಸವಾಗಿಯೇ ಬರುತ್ತದೆ, ಅಡುಗೆಮನೆಯದನ್ನೂ ತೆರೆದಾಗ ಟ್ಯಾಂಕು ಮತ್ತು ಕೊಳವೆಯ ಯೋಗ್ಯತೆ ತಿಳಿಯುತ್ತದೆ. ಆಂಪ್ಲಿಫೈಯರ್‌ನೊಳಗೆ ಆ ಟ್ಯಾಂಕ್ ಎಂದರೆ ದಪ್ಪ ಕೆಪಾಸಿಟರ್‌ಗಳು, ಅದನ್ನು ತುಂಬಿಸುವ ಮೋಟಾರು ಎಂದರೆ ಟ್ರಾನ್ಸ್‌ಫಾರ್ಮರ್. ಎರಡೂ ಭಾರದ ವಸ್ತುಗಳು. ಆದ್ದರಿಂದ ಹಳೆಯ ಕ್ರಮದ ಕ್ಲಾಸ್ ಎಬಿ ಆಂಪ್ಲಿಫೈಯರ್ ಆಗಿದ್ದರೆ ಅಂಗಡಿಯಲ್ಲಿ ಎತ್ತಿ ನೋಡಲು ಸಂಕೋಚಪಡಬೇಡಿ. ಕಲ್ಲಂಗಡಿ ಹಣ್ಣನ್ನು ತಟ್ಟಿ ಕೊಳ್ಳುವವರು ನಾವು, ಇದನ್ನು ಎತ್ತಿದರೆ ತಪ್ಪೇನು?

ಕಾಗದದ ಅಂಕಿ ಚಿಕ್ಕದಾಗಿದ್ದು ಪೂರೈಕೆ ಗಟ್ಟಿಯಿದ್ದರೆ ಏನಾಗುತ್ತದೆ ಎಂಬುದಕ್ಕೆ 1978ರಲ್ಲಿ ಬಂದ ಎನ್‌ಎಡಿ 3020 ಎಂಬ ಆಂಪ್ಲಿಫೈಯರ್ ಇಂದಿಗೂ ಒಳ್ಳೆಯ ಉದಾಹರಣೆ. ಹೇಳಿಕೊಂಡದ್ದು ಚಾನೆಲ್‌ಗೆ 20 ವ್ಯಾಟ್. ಆದರೆ ಎರಿಕ್ ಎಡ್ವರ್ಡ್‌ಸನ್ ಅದನ್ನು ರೂಪಿಸಿದ ರೀತಿಯಿಂದ, ಕ್ಷಣಿಕ ಏರುಗಳಲ್ಲಿ ಅದಕ್ಕಿಂತ ಬಹಳ ಹೆಚ್ಚನ್ನು, ಅದೂ ಕಷ್ಟದ ಸ್ಪೀಕರ್‌ಗಳಿಗೂ ಕೊಡುತ್ತಿತ್ತು. ನೋಡಲು ಬಡಕಲು ಪ್ಲಾಸ್ಟಿಕ್ ಮುಖ. ಮಾರಾಟ ಮಾತ್ರ ಅಮೋಘ. ನನ್ನ ಮೇಜಿನ ಮೇಲೆ ರಿಪೇರಿಗೆ ಬಂದಿದ್ದ ಒಂದನ್ನು ಮಾಲೀಕರಿಗೆ ಹಿಂದಿರುಗಿಸಲು ನಾನು ಬೇಕೆಂದೇ ಎರಡು ವಾರ ತಡಮಾಡಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇನ್ನು ಅಂಗಡಿಯಲ್ಲಿ ಬಹುತೇಕ ಎಲ್ಲರೂ ಬೀಳುವ ಒಂದು ಹಳ್ಳದ ವಿಷಯ. ವಾಲ್ಯೂಮ್ ಗುಂಡಿಯನ್ನು ಗಡಿಯಾರದ ಒಂಬತ್ತರ ಜಾಗಕ್ಕೆ ತಿರುಗಿಸಿದೊಡನೆ ಕೋಣೆ ನಡುಗುತ್ತದೆ. "ನೋಡಿ, ಕಾಲು ಭಾಗಕ್ಕೇ ಇಷ್ಟು, ಪೂರ್ತಿ ತಿರುಗಿಸಿದರೆ!" ಎನ್ನುತ್ತಾರೆ ಅಂಗಡಿಯವರು. ಆ ಗುಂಡಿ ಶಕ್ತಿಯ ಅಳತೆಗೋಲಲ್ಲ. ಸಿ.ಡಿ. ಪ್ಲೇಯರ್‌ಗಳು, ಡಿಎಸಿಗಳು (ಡಿಜಿಟಲ್ ಸಂಗೀತವನ್ನು ಆಂಪ್ಲಿಫೈಯರ್‌ಗೆ ಬೇಕಾದ ಅಲೆಯಾಗಿ ಬದಲಿಸುವ ಪೆಟ್ಟಿಗೆಗಳು) ಸಾಮಾನ್ಯವಾಗಿ 2 ವೋಲ್ಟ್‌ವರೆಗೆ ಕೊಡುತ್ತವೆ. ಬಹಳಷ್ಟು ಇಂಟಿಗ್ರೇಟೆಡ್, ಎಂದರೆ ನಿಯಂತ್ರಣದ ಗುಂಡಿಗಳೂ ಶಕ್ತಿಯ ಭಾಗವೂ ಒಂದೇ ಪೆಟ್ಟಿಗೆಯಲ್ಲಿರುವ ಆಂಪ್ಲಿಫೈಯರ್‌ಗಳು 200ರಿಂದ 500 ಮಿಲಿವೋಲ್ಟ್ ಒಳಬಂದರೆ ಸಾಕು, ತಮ್ಮ ಪೂರ್ತಿ ಶಕ್ತಿಯನ್ನು ಮುಟ್ಟಿಬಿಡುತ್ತವೆ. ಎಂದರೆ ಗುಂಡಿ ಅರ್ಧ ದಾರಿಯಲ್ಲಿರುವಾಗಲೇ ಮನೆಯ ಬೊಕ್ಕಸ ಖಾಲಿ. ಅದರಾಚೆಗಿನ ತಿರುವೆಲ್ಲ ಕ್ಲಿಪ್ಪಿಂಗ್‌ಗೆ. ಇನ್ನೊಂದು ತೊಂದರೆ ರಾತ್ರಿ ಮೆಲ್ಲಗೆ ಕೇಳುವವರಿಗೆ. ಗುಂಡಿಯ ತೀರಾ ಕೆಳಭಾಗದಲ್ಲಿ ಎಡ-ಬಲ ಚಾನೆಲ್‌ಗಳು ಸಮನಾಗಿರುವುದಿಲ್ಲ, ಗಾಯಕ ಒಂದು ಕಡೆ ಸರಿದು ಕುಳಿತಂತೆ ಕೇಳುತ್ತದೆ. ಆದ್ದರಿಂದ ಅಂಗಡಿಯಲ್ಲಿ ಜೋರಾಗಿ ಕೇಳಿದಷ್ಟೇ ಹೊತ್ತು ಅತ್ಯಂತ ಮೆಲ್ಲಗೂ ಕೇಳಿ. ತಂಬೂರಿಯ ನಾದ ನಡುವೆಯೇ ನಿಂತಿದೆಯೇ, ಸ್ಪೀಕರ್‌ಗೆ ಕಿವಿ ಕೊಟ್ಟಾಗ ಹಿಸ್ಸೆನ್ನುವ ಸದ್ದು ಎಷ್ಟಿದೆ ಎಂದು ಗಮನಿಸಿ.

ಸರಳತೆಯ ಬಗ್ಗೆ ನಿಮ್ಮ ಹಟ ಸರಿಯಾಗಿಯೇ ಇದೆ, ಆದರೆ ಅದನ್ನು ಸನ್ಯಾಸದವರೆಗೆ ಒಯ್ಯಬೇಡಿ. ಬಾಸ್, ಟ್ರೆಬಲ್, ಬ್ಯಾಲೆನ್ಸ್ ಗುಂಡಿಗಳನ್ನು ಕಂಡರೆ ಮೂಗು ಮುರಿಯುವ ಶುದ್ಧವಾದಿಗಳಿದ್ದಾರೆ. ಅವರು ಹಳೆಯ ಆಕಾಶವಾಣಿ ಧ್ವನಿಮುದ್ರಣಗಳನ್ನು, 78 ಆರ್‌ಪಿಎಂ ತಟ್ಟೆಗಳಿಂದ ಇಳಿಸಿಕೊಂಡ ಗಾಯನವನ್ನು ಕೇಳುವವರಲ್ಲ. ನೀವು ಕೇಳುವವರು, ನಿಮಗೆ ಆ ಗುಂಡಿಗಳು ಬೇಕು. ಕೂಡಿದರೆ ಮೊನೊ ಸ್ವಿಚ್ ಕೂಡ ಇರಲಿ, ಈಗೀಗ ಅದು ಅಪರೂಪ. ಯಮಹಾದ ಈ ಸರಣಿಯಲ್ಲಿ ಹಂತಗಳಿಲ್ಲದೆ ಬೇಕಾದಷ್ಟೇ ತಿರುಗಿಸಬಹುದಾದ ಲೌಡ್‌ನೆಸ್ ಗುಂಡಿಯೂ ಇದೆ. ಸದ್ದು ಕಡಿಮೆಯಾದಾಗ ನಮ್ಮ ಕಿವಿಗೆ ಮಂದ್ರ ಸ್ವರಗಳು ಉಳಿದವುಗಳಿಗಿಂತ ಹೆಚ್ಚು ಕುಗ್ಗಿ ಕೇಳುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಮನೆಮಂದಿ ಮಲಗಿದ ಮೇಲೆ ಬಾಯಾದ ಗುಂಗು ಉಳಿಯಬೇಕಾದರೆ ಆ ಗುಂಡಿ ಉಪಕಾರಿ. ಬೇಡವಾದ ದಿನ ಇವೆಲ್ಲವನ್ನೂ ಬದಿಗೆ ಸರಿಸುವ 'ಡೈರೆಕ್ಟ್' ಸ್ವಿಚ್ ಇದ್ದೇ ಇರುತ್ತದೆ.

ಬೇಡವಾದದ್ದು ಎವಿ ರಿಸೀವರ್, ಎಂದರೆ ಹೋಂ ಥಿಯೇಟರ್‌ಗೆ ಬಳಸುವ ಬಹುಚಾನೆಲ್ ಪೆಟ್ಟಿಗೆ. ಏಳು ಚಾನೆಲ್‌ಗಳು ಒಂದೇ ವಿದ್ಯುತ್ ಪೂರೈಕೆಯನ್ನು ಹಂಚಿಕೊಳ್ಳುತ್ತವೆ. ನಿಮಗೆ ಬೇಕಾದವು ಎರಡೇ, ಉಳಿದ ಐದಕ್ಕೂ ನೀವು ಹಣ ತೆತ್ತಿರುತ್ತೀರಿ. ಅದರ ಮೇಲೆ ಚಿತ್ರ-ಶಬ್ದದ ಡಿಜಿಟಲ್ ಸರ್ಕ್ಯೂಟ್‌ಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ. ಒಂದು ನೇರ ಸ್ಟೀರಿಯೊ ಆಂಪ್ಲಿಫೈಯರ್ ಇಪ್ಪತ್ತೈದು ವರ್ಷ ಬಾಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಭಾವಮೈದುನರ ಸಲಹೆಗೆ ಎರಡೇ ಮಾತು. ಅಹುಜಾದಂಥ ಸಭಾ ಆಂಪ್ಲಿಫೈಯರ್‌ಗಳು ತಮ್ಮ ಕೆಲಸದಲ್ಲಿ ಗಟ್ಟಿಗರು. ಆದರೆ ಅವುಗಳಲ್ಲಿ ಹೆಚ್ಚಿನವು ಮೊನೊ. 100 ವೋಲ್ಟ್ ಲೈನಿನಲ್ಲಿ ಉದ್ದುದ್ದ ತಂತಿ ಎಳೆದು ಹಲವು ಹಾರ್ನ್‌ಗಳನ್ನು ನಡೆಸಲೆಂದು ಮಾಡಿದವು. ಜಾತ್ರೆಯ ಮೈದಾನಕ್ಕೆ ಸೈ, ಹಾಲ್‌ನಲ್ಲಿ ಯಮನ್ ಆಲಾಪಕ್ಕೆ ಅಲ್ಲ.

ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ವಾಲ್ವ್‌ಗಳ ಆಂಪ್ಲಿಫೈಯರ್ ಬಗ್ಗೆ ನೀವು ಕೇಳಿಲ್ಲ, ಒಳ್ಳೆಯದೇ ಆಯಿತು. 86 ಡೆಸಿಬೆಲ್ ಸ್ಪೀಕರ್‌ಗೆ ಎಂಟು-ಹತ್ತು ವ್ಯಾಟ್‌ನ ವಾಲ್ವ್ ಸಾಲದು.

ದುಬಾರಿ ಆಂಪ್ಲಿಫೈಯರ್‌ನಲ್ಲಿ "ಬೇರೆಯೇ ಲೋಕ" ತೆರೆದುಕೊಳ್ಳುತ್ತದೆ ಎನ್ನುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ಅವರಿಗೆ ಅಮೆರಿಕದ ಆಂಪ್ಲಿಫೈಯರ್ ವಿನ್ಯಾಸಕಾರ ಬಾಬ್ ಕಾರ್ವರ್‌ನ ಕಥೆ ಹೇಳಿ. 1985ರಲ್ಲಿ ಈತ ಅಮೆರಿಕದ ಸ್ಟೀರಿಯೊಫೈಲ್ ಪತ್ರಿಕೆಯವರಿಗೆ ಸವಾಲು ಹಾಕಿದ: ನೀವು ಆರಿಸಿದ ಯಾವುದೇ ಆಂಪ್ಲಿಫೈಯರ್‌ನ ನಾದವನ್ನು ನನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ತರಬಲ್ಲೆ. ಅವರು ಬಲು ದುಬಾರಿಯ ವಾಲ್ವ್ ಆಂಪ್ಲಿಫೈಯರ್ ಒಂದನ್ನು ಕೊಟ್ಟರು. ಕಾರ್ವರ್ ಎರಡರ ಹೊರಹರಿವನ್ನು ಒಂದರಿಂದೊಂದು ಕಳೆದು, ಉಳಿದ ವ್ಯತ್ಯಾಸವನ್ನು ಅಳೆದು, ತಿದ್ದುತ್ತ ಹೋದ. ಕೊನೆಗೆ ಆ ಪತ್ರಿಕೆಯ ಪಳಗಿದ ಕಿವಿಗಳಿಗೆ ಯಾವುದು ಯಾವುದೆಂದು ಹೇಳಲಾಗಲಿಲ್ಲ. ಆಂಪ್ಲಿಫೈಯರ್‌ಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇರುವ ವ್ಯತ್ಯಾಸಕ್ಕೆ ಕಾರಣಗಳಿವೆ, ಅವನ್ನು ಅಳೆಯಬಹುದು, ಬೆಲೆ ಆ ಕಾರಣಗಳಲ್ಲಿ ಒಂದಲ್ಲ.

ಉಳಿಸಿದ ಹಣದಲ್ಲಿ ಕೋಣೆಯ ಕಡೆ ನೋಡಿ. ವಿಟ್ರಿಫೈಡ್ ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಗಾಜಿನ ಶೋಕೇಸ್ ಇರುವ ಹಾಲ್‌ನಲ್ಲಿ ಯಾವ ಆಂಪ್ಲಿಫೈಯರ್ ಇಟ್ಟರೂ ದನಿ ಕಿಣಿಕಿಣಿ ಎನ್ನುತ್ತದೆ. ನೀವು ಧಾರವಾಡದವರು, ನವಲಗುಂದದ ಜಮಖಾನ ನಿಮ್ಮ ಜಿಲ್ಲೆಯದೇ. ಸ್ಪೀಕರ್‌ಗೂ ಕುರ್ಚಿಗೂ ನಡುವೆ ಒಂದನ್ನು ಹಾಸಿ. ತೆಳುವಾದ ಹತ್ತಿಯ ಹಾಸು ಮೇಲಿನ ಸ್ವರಗಳನ್ನಷ್ಟೇ ಹೀರುವುದರಿಂದ ಕೆಳಗೆ ದಪ್ಪದೊಂದು ಹಳೆಯ ಕಂಬಳಿ ಇರಲಿ. ಗೋಡೆಗೆ ಪುಸ್ತಕದ ಕಪಾಟು, ಕಿಟಕಿಗೆ ದಪ್ಪ ಪರದೆ. ವ್ಯಾಟ್ ದುಪ್ಪಟ್ಟು ಮಾಡಿ ಬರುವ ಬದಲಾವಣೆಗಿಂತ ಇದು ಹೆಚ್ಚು. ಸ್ಪೀಕರ್ ತಂತಿಗೆ ಮನೆ ವೈರಿಂಗ್‌ಗೆ ಬಳಸುವ 2.5 ಚದರ ಮಿಲಿಮೀಟರ್‌ನ ಮೆದು ತಾಮ್ರದ ತಂತಿ ಸಾಕು. ಐದು ಮೀಟರ್ ಎಳೆದರೂ ಹೋಗಿ-ಬರುವ ತಡೆ 0.1 ಓಮ್ ದಾಟುವುದಿಲ್ಲ.

ಇನ್ನು ನಿಮ್ಮ ಮಗ. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ನಮ್ಮ ಬಂಧುವೊಬ್ಬ ಹೀಗೆಯೇ ತಂದ ಆಂಪ್ಲಿಫೈಯರ್ ಅನ್ನು ನೇರ ಗೋಡೆಗೆ ಚುಚ್ಚಿದ. ಫ್ಯೂಸ್ ಹೋಯಿತು. ಅದು ಪುಣ್ಯ ಮಾಡಿದ ಫ್ಯೂಸ್, ತನ್ನ ಧರ್ಮ ಪಾಲಿಸಿತ್ತು. ಇವನು ಸುಮ್ಮನಿರದೆ ಅದರ ಜಾಗದಲ್ಲಿ ದಪ್ಪ ತಂತಿ ಕಟ್ಟಿ ಮತ್ತೆ ಚುಚ್ಚಿದ. ಆ ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಅವರ ಮನೆಯ ಪರದೆಗಳಲ್ಲಿ ಒಂದು ವಾರ ಇತ್ತು. ಬೆನ್ನಿನ ಮೇಲೆ '120 ವೋಲ್ಟ್' ಎಂದಷ್ಟೇ ಇದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಆಂಪ್ಲಿಫೈಯರ್ ಎಳೆಯುವುದರ ದುಪ್ಪಟ್ಟು ಸಾಮರ್ಥ್ಯದ್ದು; ವಾರಂಟಿಯೂ ಇಲ್ಲಿ ನಡೆಯುವುದು ಅನುಮಾನ. '100-240 ವೋಲ್ಟ್' ಎಂದು ಬರೆದಿದ್ದರೆ ಮಾತ್ರ ನಿಶ್ಚಿಂತೆ. ನನ್ನನ್ನು ಕೇಳಿದರೆ ಮಗ ಅಲ್ಲಿಂದ ಒಳ್ಳೆಯದೊಂದು ಡಿಎಸಿ ತರಲಿ. ಕೈಚೀಲದಲ್ಲಿ ಹಿಡಿಸುತ್ತದೆ, ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವಂಥವೂ ಇವೆ.

ಆಂಪ್ಲಿಫೈಯರ್ ಅನ್ನು ಇಲ್ಲೇ ಕೊಳ್ಳಿ. ಯಮಹಾ ಎ-ಎಸ್301 ಚಾನೆಲ್‌ಗೆ 60 ವ್ಯಾಟ್‌ನದು, ನಿಮ್ಮ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಕೈ ಸ್ವಲ್ಪ ಬಿಚ್ಚುವುದಾದರೆ ಎ-ಎಸ್501. ರೋಟೆಲ್, ಎನ್‌ಎಡಿ, ಕೇಂಬ್ರಿಡ್ಜ್ ಆಡಿಯೊಗಳ ಇದೇ ವರ್ಗದ ಇಂಟಿಗ್ರೇಟೆಡ್‌ಗಳನ್ನೂ ಕೇಳಿ ನೋಡಿ. ನಮ್ಮ ದೇಶದಲ್ಲೇ ತಯಾರಾಗುವ ನಾರ್ಜ್ ಕೂಡ ಪಟ್ಟಿಯಲ್ಲಿರಲಿ, ಗುಂಡಿ ಕಡಿಮೆ, ಕಬ್ಬಿಣ ಹೆಚ್ಚು ಎನ್ನುವ ಜಾಯಮಾನದ್ದು. ಮಾದರಿ ಯಾವುದೇ ಇರಲಿ, ರಿಪೇರಿಗೆ ಹುಬ್ಬಳ್ಳಿಯಲ್ಲಿ ಕೈಯಿಡುವವರಿದ್ದಾರೋ ಅಥವಾ ಬೆಂಗಳೂರಿಗೇ ಕಳಿಸಬೇಕೋ ಎಂದು ಹಣ ಕೊಡುವ ಮೊದಲು ಕೇಳಿ.

ತಂದ ಮೇಲೆ ಮೂರು ಪಿನ್ನಿನ ಪ್ಲಗ್‌ನ ಅರ್ತ್ ಪಿನ್ ಮುರಿಯಬೇಡಿ. ಗುಂಯ್ ಎಂಬ ಸದ್ದು ಬಂದರೆ ಕಾರಣ ಬೇರೆಡೆ ಹುಡುಕಿ. ಕರೆಂಟು ಹೋದಾಗ ಇನ್ವರ್ಟರ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಗೊರಗುಟ್ಟಿದರೆ ಅದು ಶುದ್ಧ ಸೈನ್ ಅಲೆಯ ಇನ್ವರ್ಟರ್ ಅಲ್ಲ, ಆ ಹೊತ್ತಿಗೆ ಆಂಪ್ಲಿಫೈಯರ್ ಆರಿಸಿ. ಮೇಲೆ ಅಂಗೈ ಅಗಲದಷ್ಟಾದರೂ ಜಾಗ ಬಿಡಿ, ಕಸೂತಿಯ ಬಟ್ಟೆ ಹೊದಿಸಬೇಡಿ. ಮತ್ತು ಹಲ್ಲಿ. ಚಳಿಗಾಲದಲ್ಲಿ ಬೆಚ್ಚಗಿನ ಹೀಟ್ ಸಿಂಕ್ ಹುಡುಕಿ ಒಳಗೆ ಹೋಗಿ, ತಾನೂ ಸತ್ತು ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನೂ ಕೊಂದ ಹಲ್ಲಿಗಳನ್ನು ನಾನು ಇಕ್ಕಳದಿಂದ ಎತ್ತಿದ್ದೇನೆ. ಆಂಪ್ಲಿಫೈಯರ್‌ನ ಗಾಳಿಕಂಡಿಗೆ ಏನನ್ನೂ ಅಂಟಿಸದೆ, ಅದನ್ನಿಡುವ ಶೆಲ್ಫ್‌ನ ಹಿಂಬದಿಗೆ ಸೊಳ್ಳೆಪರದೆಯ ನೈಲಾನ್ ಜಾಲರಿ ಹೊಡೆಸಿ.